ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದಾಗಬೇಕು? ಕೋಡಿಂಗ್ ಕಲಿಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿ ಬಿಸಿಎಗೋ ಎಂಜಿನಿಯರಿಂಗಿಗೋ ಸೇರಿದವರು, ಬಿಕಾಂ ಓದಿ ಲೆಕ್ಕಪತ್ರದ ಕೆಲಸದಲ್ಲಿದ್ದುಕೊಂಡೇ ಕೋಡಿಂಗ್ ಕಡೆಗೆ ಹೊರಳಬೇಕೆಂದಿರುವವರು, ಮಕ್ಕಳಿಗೆ ಏನು ಕಲಿಸಬೇಕೆಂದು ತಿಳಿಯದ ತಂದೆತಾಯಂದಿರು ಹಲವು ವರ್ಷಗಳಿಂದ ನನ್ನ ಬಳಿ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪದವರು ಬೇರೆ ದಾರಿ ಹಿಡಿಯಲು ಸ್ವತಂತ್ರರು.

ಒಂದೇ ಮಾತಿನಲ್ಲಿ ಹೇಳುವುದಾದರೆ, ಯಾವ ಭಾಷೆಯಿಂದ ಶುರು ಮಾಡಬೇಕು?

ಪೈಥಾನ್‌ನಿಂದ. ಇದಕ್ಕೆ ಎರಡೇ ವಿನಾಯಿತಿಗಳಿವೆ. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲೇ ಸಿ ಭಾಷೆಯ ಪರೀಕ್ಷೆ ಇದ್ದರೆ ಸಿಯಿಂದಲೇ ಶುರು ಮಾಡಿ; ವೆಬ್‌ಸೈಟ್ ಮಾಡುವ ಆಸೆಯೇ ನಿಮ್ಮನ್ನು ಇಲ್ಲಿಗೆ ಎಳೆದು ತಂದಿದ್ದರೆ ಜಾವಾಸ್ಕ್ರಿಪ್ಟ್ ಹಿಡಿಯಿರಿ. ಮೂರರಲ್ಲಿ ಯಾವುದನ್ನು ಹಿಡಿದರೂ ಆರು ತಿಂಗಳು ಬಿಡಬಾರದೆಂಬುದು ನನ್ನ ಒಂದೇ ಕರಾರು. ಜನವರಿಯಲ್ಲಿ ಪೈಥಾನ್, ಮಾರ್ಚಿನಲ್ಲಿ ಜಾವಾ, ಜೂನ್ ಹೊತ್ತಿಗೆ 'ಈಗ ಎಲ್ಲರೂ ರಸ್ಟ್ ಅಂತಿದ್ದಾರೆ' ಎಂದು ಹೊರಳಿದವರು ಮೂರು ಭಾಷೆಗಳಲ್ಲೂ ಮೊದಲ ಎರಡು ಅಧ್ಯಾಯಗಳನ್ನಷ್ಟೇ ಕಲಿತಿರುವುದನ್ನು ನಾನು ಬೇಕಾದಷ್ಟು ಬಾರಿ ಕಂಡಿದ್ದೇನೆ.

ಪೈಥಾನ್ ಏಕೆ? ಸುಲಭ ಎಂಬುದಷ್ಟೇ ಕಾರಣವೇ?

ಸುಲಭ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೆದರ್ಲೆಂಡ್ಸಿನ ಗಿಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಯಲ್ಲಿ ಪುಷ್ಪಾಲಂಕಾರ ಕಡಿಮೆ: ಒಂದು ಸಾಲನ್ನು ತೆರೆಯ ಮೇಲೆ ತೋರಿಸಬೇಕೆಂದರೆ ಒಂದೇ ಸಾಲು ಬರೆದರೆ ಸಾಕು. ಅದನ್ನು ಕಂಪೈಲ್ ಮಾಡುವ, ಅಂದರೆ ಯಂತ್ರದ ಭಾಷೆಗೆ ತಿರುಗಿಸುವ, ಪ್ರತ್ಯೇಕ ಹಂತವೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಹೊಸಬರ ಗಮನ ಆವರಣ ಚಿಹ್ನೆಗಳ ಮೇಲೆ ಹೋಗದೆ ಸಮಸ್ಯೆಯ ಮೇಲೆ ನಿಲ್ಲುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದನ್ನೇ ಮುಂದಿನ ಉತ್ತರಗಳಲ್ಲೂ ಬಳಸುತ್ತೇನೆ. ಮನೆಯವರು ಡೇರಿಗೆ ಹಾಲು ಹಾಕುತ್ತಾರೆ, ಬೆಳಿಗ್ಗೆ 5 ಲೀಟರ್, ಸಂಜೆ 3 ಲೀಟರ್. ದಿನದ ಒಟ್ಟು ಹಾಲೆಷ್ಟು ಎಂದು ತಿಳಿಸುವ ಪ್ರೋಗ್ರಾಮನ್ನು ವಿದ್ಯಾರ್ಥಿಯೊಬ್ಬ ಬರೆಯುತ್ತಾನೆ. ಎರಡು ಬಾರಿ ಇನ್‌ಪುಟ್ ತೆಗೆದುಕೊಂಡು, ನಡುವೆ ಕೂಡಿಸುವ ಚಿಹ್ನೆ ಹಾಕಿ, ಪ್ರಿಂಟ್ ಮಾಡುತ್ತಾನೆ. ಉತ್ತರ 8 ಬರಬೇಕಿದ್ದಲ್ಲಿ 53 ಎಂದು ಬರುತ್ತದೆ! ಹಸು ಒಂದೇ, ಹಾಲು ಮಾತ್ರ 53 ಲೀಟರ್. ಕೀಬೋರ್ಡಿನಿಂದ ಬಂದದ್ದನ್ನೆಲ್ಲ ಪೈಥಾನ್ ಅಕ್ಷರಗಳ ಸಾಲು ಎಂದೇ, ಅಂದರೆ ಸ್ಟ್ರಿಂಗ್ ಎಂದೇ ಎಣಿಸುತ್ತದೆ. ಎರಡು ಸ್ಟ್ರಿಂಗ್‌ಗಳನ್ನು ಕೂಡಿಸಿದರೆ ಅವು ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ. ಅವನ್ನು ಮೊದಲು ಸಂಖ್ಯೆಯಾಗಿ ಬದಲಾಯಿಸಿದರೆ 8 ಬರುತ್ತದೆ. ಡೇಟಾ ಟೈಪ್ ಎಂದರೇನು ಎಂಬ ಅರ್ಧ ಗಂಟೆಯ ಉಪನ್ಯಾಸಕ್ಕಿಂತ ಈ 53 ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ, ಮತ್ತು ಪೈಥಾನ್‌ನಲ್ಲಿ ಇಂಥ ತಪ್ಪಿನವರೆಗೆ ತಲುಪಲು ಹತ್ತು ನಿಮಿಷ ಸಾಕು. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ.

ದೋಷಗಳಿಲ್ಲವೆಂದಲ್ಲ. ಪೈಥಾನ್ ಸಿಯಷ್ಟು ವೇಗವಾಗಿ ಓಡುವುದಿಲ್ಲ. ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಅರ್ಥವಿರುವುದರಿಂದ, ಒಂದು ಸ್ಪೇಸ್ ಹೆಚ್ಚಾದರೂ ಎರರ್ ಬರುತ್ತದೆ. ಮೊದಲ ವಾರ ಇದು ಕಿರಿಕಿರಿ. ಎರಡನೆಯ ತಿಂಗಳಿಗೆ ನಿಮ್ಮ ಕೋಡ್ ಇನ್ನೊಬ್ಬರು ಓದುವಂತಿರುತ್ತದೆ.

ನಮ್ಮ ಕಾಲೇಜಿನಲ್ಲಿ ಸಿ ಇದೆ. ಜೊತೆಯಲ್ಲೇ ಪೈಥಾನ್ ಕಲಿಯಲೇ?

ಬೇಡ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಹುಕಾಲದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೊದಲ ಭಾಷೆ ಸಿಯೇ ಆಗಿದೆ, ಮತ್ತು ಅದು ಕೆಟ್ಟ ಆರಂಭವಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚೀ 1970ರ ದಶಕದ ಆರಂಭದಲ್ಲಿ ರೂಪಿಸಿದ ಈ ಭಾಷೆ ಯಂತ್ರಕ್ಕೆ ಬಹಳ ಹತ್ತಿರದಲ್ಲಿದೆ. ಮೆಮೊರಿಯಲ್ಲಿ ಯಾವುದು ಎಲ್ಲಿ ಕುಳಿತಿದೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲಿನ ಬಹುಭಾಗ ಸಿಯಲ್ಲಿದೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ಪೈಥಾನ್ ಕೂಡ ಸಿಯಲ್ಲೇ ಬರೆದದ್ದು.

ನನ್ನ ತಕರಾರು ಇರುವುದು ಸಿಯ ಮೇಲಲ್ಲ, ಕೆಲವು ಲ್ಯಾಬುಗಳಲ್ಲಿ ಇನ್ನೂ ಉಸಿರಾಡುತ್ತಿರುವ ಆ ನೀಲಿ ಪರದೆಯ ಟರ್ಬೊ ಸಿ ಎಂಬ ಹಳೆಯ ಕಂಪೈಲರಿನ ಮೇಲೆ. ಬೋರ್ಲ್ಯಾಂಡ್ ಕಂಪನಿ ಅದನ್ನು 1987ರಲ್ಲಿ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮಿನ ಯಂತ್ರಗಳಿಗಾಗಿ ಹೊರತಂದಿತು. ನಾನು ಕಲಿತ ಕಾಲೇಜಿನಲ್ಲಿ ಅದೇ ಇತ್ತು. ಲ್ಯಾಬ್ ಪರೀಕ್ಷೆಯಲ್ಲಿ ನನಗೆ ಬಂದದ್ದು ಫ್ಯಾಕ್ಟೋರಿಯಲ್ ಪ್ರೋಗ್ರಾಮ್, ಅಂದರೆ ಒಂದರಿಂದ ಕೊಟ್ಟ ಸಂಖ್ಯೆಯವರೆಗಿನವನ್ನೆಲ್ಲ ಗುಣಿಸುವ ಲೆಕ್ಕ. ಏಳರವರೆಗೆ ಉತ್ತರಗಳೆಲ್ಲ ಸರಿ ಬಂದವು. ಎಂಟರ ಫ್ಯಾಕ್ಟೋರಿಯಲ್ 40320 ಎಂದು ಬರಬೇಕಿದ್ದಲ್ಲಿ ಪರದೆಯ ಮೇಲೆ ಮೈನಸ್ 25216 ಎಂದು ಬಂದಿತು. ಪರೀಕ್ಷಕರು ನನ್ನ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ) ತಪ್ಪೆಂದು ಅಂಕ ಕಡಿದರು. ಲೂಪ್ ಸರಿಯಾಗಿಯೇ ಇತ್ತು. ಆ ಕಂಪೈಲರಿನಲ್ಲಿ ಒಂದು ಇಂಟ್, ಅಂದರೆ ಪೂರ್ಣಾಂಕ, 16 ಬಿಟ್‌ಗಳದ್ದು, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಅದನ್ನು ಮೀರಿದಾಗ ಎಣಿಕೆ ಸುತ್ತು ಹೊಡೆದು ಋಣ ಸಂಖ್ಯೆಗಳ ಕಡೆಯಿಂದ ಬರುತ್ತದೆ. 40320ರಿಂದ 65536 ಕಳೆಯಿರಿ, ಅದೇ ಉತ್ತರ ಸಿಗುತ್ತದೆ. ಇದನ್ನು ನಾನು ತಿಳಿದದ್ದು ಎರಡು ವರ್ಷಗಳ ನಂತರ.

ಅದೇ ಪ್ರೋಗ್ರಾಮನ್ನು ಇಂದಿನ ಜಿಸಿಸಿ ಕಂಪೈಲರಿನಲ್ಲಿ ಓಡಿಸಿದರೆ ಇಂಟ್ 32 ಬಿಟ್‌ಗಳದ್ದಾಗಿರುವುದರಿಂದ ಹನ್ನೆರಡರವರೆಗೆ ಸರಿಯಾಗಿ ಬಂದು ಹದಿಮೂರರಲ್ಲಿ ಎಡವುತ್ತದೆ. ಪೈಥಾನ್‌ನಲ್ಲಿ ನೂರರ ಫ್ಯಾಕ್ಟೋರಿಯಲ್ ಕೇಳಿದರೂ 158 ಅಂಕಿಗಳನ್ನು ತಪ್ಪಿಲ್ಲದೆ ಮುದ್ರಿಸುತ್ತದೆ, ಏಕೆಂದರೆ ಅಲ್ಲಿ ಪೂರ್ಣಾಂಕವು ಬೇಕಾದಷ್ಟು ಜಾಗ ತಾನೇ ತೆಗೆದುಕೊಳ್ಳುತ್ತದೆ. ಸಿ ಕಲಿಯುವವರು ಈ ಮೂರನ್ನೂ ಒಮ್ಮೆ ತಾವೇ ಓಡಿಸಿ ನೋಡಿದರೆ ಸಂಖ್ಯೆಗಳು ಯಂತ್ರದೊಳಗೆ ಹೇಗಿರುತ್ತವೆ ಎಂಬುದು ಅರ್ಥವಾಗುತ್ತದೆ.

ಆದ್ದರಿಂದ ಕಾಲೇಜಿನವರು ಸಿ ಹೇಳಿಕೊಡುತ್ತಿದ್ದರೆ ಸಿಯನ್ನೇ ಮನಸ್ಸಿಟ್ಟು ಕಲಿಯಿರಿ, ಮನೆಯ ಕಂಪ್ಯೂಟರಿನಲ್ಲಿ ಜಿಸಿಸಿ ಹಾಕಿಕೊಳ್ಳಿ. ಪರೀಕ್ಷೆಗೆಂದು ಹಳೆಯ ಶೈಲಿ ಕೇಳಿದರೆ ಹಾಗೆಯೇ ಬರೆದುಕೊಡಿ, ಆದರೆ ಮೇನ್ ಫಂಕ್ಷನ್ ಮುಂದೆ ವಾಯ್ಡ್ ಎಂದು ಹಾಕುವುದನ್ನೂ ಪ್ರತಿ ಪ್ರೋಗ್ರಾಮಿಗೂ ತೆರೆ ಅಳಿಸುವ ಆದೇಶ ಸೇರಿಸುವುದನ್ನೂ ಸಿ ಭಾಷೆಯ ನಿಯಮಗಳೆಂದು ತಿಳಿಯಬೇಡಿ.

ಕೆಲಸ ಸಿಗುವುದು ಜಾವಾದಿಂದ ಎನ್ನುತ್ತಾರಲ್ಲ?

ಬ್ಯಾಂಕುಗಳು, ವಿಮಾ ಕಂಪನಿಗಳು ಮತ್ತು ದೊಡ್ಡ ಸಂಸ್ಥೆಗಳ ಒಳಗಿನ ತಂತ್ರಾಂಶಗಳಲ್ಲಿ ಜಾವಾ ಬಹಳವಿದೆ, ಬೆಂಗಳೂರಿನಲ್ಲಿ ಅದನ್ನು ಬಲ್ಲವರಿಗೆ ಕೆಲಸವೂ ಇದೆ. ಆದರೆ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಈ ಭಾಷೆ ಬಹುಮಂದಿ ಒಟ್ಟಿಗೆ ಕೂತು ಕಟ್ಟುವ ದೊಡ್ಡ ಕಟ್ಟಡಗಳಿಗಾಗಿ ರೂಪುಗೊಂಡದ್ದು. ಒಂದು 'ನಮಸ್ಕಾರ' ಮುದ್ರಿಸಲು ಕ್ಲಾಸ್, ಪಬ್ಲಿಕ್, ಸ್ಟ್ಯಾಟಿಕ್ ಎಂಬ ಪದಗಳನ್ನೆಲ್ಲ ಅರ್ಥವಾಗದೆಯೇ ಬರೆಯಬೇಕಾಗುತ್ತಿತ್ತು. ತೀರಾ ಇತ್ತೀಚಿನ ಆವೃತ್ತಿಯಲ್ಲಿ ಇದನ್ನು ಸಡಿಲಿಸಿದ್ದಾರೆ, ಪಠ್ಯಪುಸ್ತಕಗಳಿಗೆ ಅದು ಇಳಿಯಲು ಸಮಯ ಹಿಡಿಯುತ್ತದೆ. ಅರ್ಥವಾಗದ ಮಂತ್ರ ಹೇಳುವ ಅಭ್ಯಾಸ ಮೊದಲ ದಿನವೇ ಅಂಟಿಕೊಳ್ಳಬಾರದು. ಎರಡನೆಯ ಭಾಷೆಯಾಗಿ ಜಾವಾ ಚೆನ್ನ.

ವೆಬ್‌ಸೈಟ್ ಮಾಡಲು ಎಚ್‌ಟಿಎಂಎಲ್ ಕಲಿತರೆ ಸಾಲದೇ?

ಎಚ್‌ಟಿಎಂಎಲ್ ಪುಟದಲ್ಲಿ ಶೀರ್ಷಿಕೆ ಯಾವುದು, ಚಿತ್ರ ಯಾವುದು ಎಂದು ಗುರುತು ಹಾಕುತ್ತದೆಯೇ ಹೊರತು ಲೆಕ್ಕ ಮಾಡುವುದಿಲ್ಲ, 'ಹೀಗಿದ್ದರೆ ಹೀಗೆ ಮಾಡು' ಎಂಬ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ. ಆ ಕೆಲಸ ಜಾವಾಸ್ಕ್ರಿಪ್ಟಿನದು. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಬರೆದರು; ಜಾವಾದ ಹೆಸರು ಆಗ ಮಾರುಕಟ್ಟೆಯಲ್ಲಿ ಓಡುತ್ತಿದ್ದುದರಿಂದ ಇದಕ್ಕೂ ಅದರ ಹೆಸರನ್ನು ಅಂಟಿಸಲಾಯಿತು. ಎರಡಕ್ಕೂ ನೆಂಟಸ್ತಿಕೆ ಅಷ್ಟಕ್ಕಷ್ಟೇ.

ಜಾವಾಸ್ಕ್ರಿಪ್ಟಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು, ಮಾಡಿದ್ದನ್ನು ಕೂಡಲೇ ಗೆಳೆಯರಿಗೆ ತೋರಿಸಬಹುದು. ಅದರ ತೊಂದರೆ ಎಂದರೆ ಅತಿಯಾದ ಸಂಕೋಚ. ನಮ್ಮ ಹಾಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ಸ್ಟ್ರಿಂಗ್ ಆಗಿರುವ 5ಕ್ಕೆ ಸಂಖ್ಯೆಯಾಗಿರುವ 3ನ್ನು ಕೂಡಿಸಿ ಎಂದರೆ ಪೈಥಾನ್ 'ಇವೆರಡು ಬೇರೆ ಜಾತಿ, ಆಗದು' ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ತುಟಿ ಪಿಟಕ್ ಎನ್ನದೆ 53 ಕೊಡುತ್ತದೆ. ಅದೇ 5ರಿಂದ 3ನ್ನು ಕಳೆ ಎಂದರೆ 2 ಕೊಡುತ್ತದೆ. ಕಲಿಯುವವರಿಗೆ ಬಾಯಿಬಿಟ್ಟು ಬೈಯುವ ಮೇಷ್ಟರೇ ಮೇಲು.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಸರಿಯಾಗಿ ಬಾರದೆ ಕೋಡಿಂಗ್ ಸಾಧ್ಯವೇ?

ಸಾಧ್ಯ. ಆದರೆ ಇಂಗ್ಲಿಷ್ ಬೇಕಾಗುವುದು ಎಲ್ಲಿ, ಎಷ್ಟು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಪೈಥಾನ್‌ನ ಮೀಸಲು ಪದಗಳು ಒಟ್ಟು 35. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್ ಮುಂತಾದ ಅವುಗಳಲ್ಲಿ ಮೊದಲ ತಿಂಗಳಿಗೆ ಬೇಕಾಗುವುದು ಹದಿನೈದೂ ಇಲ್ಲ. ಇದು ಇಂಗ್ಲಿಷ್ ಕಲಿತಂತಲ್ಲ, ಬಸ್ಸಿನ ಬೋರ್ಡ್ ಗುರುತು ಹಿಡಿದಂತೆ.

ನಿಜವಾದ ಕಷ್ಟ ಎದುರಾಗುವುದು ಎರರ್ ಸಂದೇಶಗಳಲ್ಲಿ. ಕೆಂಪಕ್ಷರದ ಏಳೆಂಟು ಸಾಲುಗಳನ್ನು ಕಂಡ ಕೂಡಲೇ ಓದದೆ ಕಿಟಕಿ ಮುಚ್ಚುವವರು ಕನ್ನಡ ಮಾಧ್ಯಮದವರಷ್ಟೇ ಅಲ್ಲ, ಇಂಗ್ಲಿಷ್ ಮಾಧ್ಯಮದವರೂ ಹಾಗೆಯೇ ಮಾಡುತ್ತಾರೆ. ಪೈಥಾನ್‌ನ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೊನೆಯ ಸಾಲಿನಲ್ಲಿ ತಪ್ಪಿನ ಹೆಸರಿರುತ್ತದೆ, ಅದರ ಮೇಲೆ ಸಾಲಿನ ಸಂಖ್ಯೆ ಇರುತ್ತದೆ. ತಪ್ಪಿನ ಹೆಸರುಗಳೂ ಬೆರಳೆಣಿಕೆಯಷ್ಟೇ. ನೇಮ್ ಎರರ್ ಎಂದರೆ ನೀವು ಹೇಳಿದ ಹೆಸರು ಪೈಥಾನ್‌ಗೆ ಗೊತ್ತಿಲ್ಲ, ಬಹುಶಃ ಕಾಗುಣಿತ ತಪ್ಪಿದೆ. ಟೈಪ್ ಎರರ್ ಎಂದರೆ ಜಾತಿ ಹೊಂದದ ಎರಡನ್ನು ಬೆರೆಸಿದ್ದೀರಿ. ಇಂಡೆಕ್ಸ್ ಎರರ್ ಎಂದರೆ ಐದು ಜನರ ಪಟ್ಟಿಯಲ್ಲಿ ಏಳನೆಯವರನ್ನು ಕರೆದಿದ್ದೀರಿ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಸಂದೇಶವನ್ನೂ ಬಲಕ್ಕೆ ನಿಮ್ಮದೇ ಕನ್ನಡದಲ್ಲಿ ಅದರ ಅರ್ಥವನ್ನೂ ಬರೆಯುತ್ತ ಹೋಗಿ. ನನಗೆ ಗೊತ್ತಿರುವ ಹುಡುಗಿಯೊಬ್ಬಳ ಅಂಥ ನೋಟ್‌ಬುಕ್ ನಲವತ್ತು ಸಾಲು ದಾಟುವ ಹೊತ್ತಿಗೆ ಅವಳಿಗೆ ಅದನ್ನು ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಕನ್ನಡದಲ್ಲಿ ವಿವರಣೆ ಬೇಕೆನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನು ನೋಡಬಹುದು. ಸಿ ಭಾಷೆ, ಲಿನಕ್ಸ್ ಮುಂತಾದ ಹಲವು ವಿಷಯಗಳ ಪುಟ್ಟ ಪಾಠಗಳು ಅಲ್ಲಿ ಕನ್ನಡ ಧ್ವನಿಯಲ್ಲಿವೆ, ಉಚಿತವಾಗಿವೆ.

ಕೋಡನ್ನೇ ಕನ್ನಡದಲ್ಲಿ ಬರೆಯಬಹುದೇ?

ಅರ್ಧ ಬರೆಯಬಹುದು. ಮೀಸಲು ಪದಗಳು ಇಂಗ್ಲಿಷಿನವೇ ಆಗಿರುತ್ತವೆ, ಆದರೆ ಪೈಥಾನ್ 3ರಲ್ಲಿ ನೀವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿರಬಹುದು. 'ಬೆಳಿಗ್ಗೆ', 'ಸಂಜೆ', 'ದರ' ಎಂದೇ ವೇರಿಯಬಲ್‌ಗಳಿಗೆ (ಅಂಕಿಯನ್ನೋ ಪದವನ್ನೋ ಇಟ್ಟುಕೊಳ್ಳುವ ಡಬ್ಬಿಗಳಿಗೆ) ಹೆಸರಿಟ್ಟರೆ ಪೈಥಾನ್ ತಕರಾರಿಲ್ಲದೆ ಲೆಕ್ಕ ಮಾಡುತ್ತದೆ. ಇನ್ನೂ ಸೊಗಸೆಂದರೆ ಇನ್‌ಪುಟ್ ಕೇಳಿದಲ್ಲಿ ೧೨ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟು ಸಂಖ್ಯೆಯಾಗಿ ಬದಲಿಸಿದರೂ ಅದು 12 ಎಂದೇ ಅರ್ಥಮಾಡಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ.

ಒಂದು ಎಚ್ಚರಿಕೆ. ಅರ್ಧಾಕ್ಷರದ ಮುಂದೆ ಒತ್ತು ಮೂಡದಿರಲೆಂದು ನಮ್ಮ ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ. ವೇರಿಯಬಲ್ ಹೆಸರಿನೊಳಗೆ ಅದು ನುಸುಳಿದರೆ ಪೈಥಾನ್ ಒಪ್ಪುವುದಿಲ್ಲ, ಮತ್ತು ಕಾಣದ ವಸ್ತುವಿನ ಮೇಲೆ ಬಂದ ಎರರನ್ನು ಹುಡುಕುತ್ತ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಕಲಿಕೆಯ ಮೊದಲ ತಿಂಗಳುಗಳಲ್ಲಿ ಕನ್ನಡದ ಹೆಸರುಗಳು ಉಪಯುಕ್ತ. ಬೇರೆ ರಾಜ್ಯದವರೊಂದಿಗೆ ಕೆಲಸ ಮಾಡುವಾಗ ಎಲ್ಲರೂ ಓದಬಲ್ಲ ಹೆಸರುಗಳನ್ನೇ ಇಡಬೇಕಾಗುತ್ತದೆ.

ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆಯದೇ ಇದೆ: ನಮ್ಮ ಲಿಪಿಯೇ ಒಳ್ಳೆಯ ಅಭ್ಯಾಸದ ಕಣ. 'ಕನ್ನಡ' ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್‌ಗೆ ಕೇಳಿ. ನಾವು ಮೂರು ಅಕ್ಷರ ಎಣಿಸುತ್ತೇವೆ, ಅದು 5 ಎನ್ನುತ್ತದೆ; ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಎಂಬುದು ಯೂನಿಕೋಡಿನ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಕೋಷ್ಟಕದ, ಎಣಿಕೆ. ಸಿಯಲ್ಲಿ ಯುಟಿಎಫ್-8 (ಆ ಸಂಖ್ಯೆಗಳನ್ನು ಬೈಟುಗಳಾಗಿ ಇಡುವ ಕ್ರಮ) ಪಠ್ಯದ ಉದ್ದ ಕೇಳಿದರೆ ಬೈಟುಗಳನ್ನು ಎಣಿಸಿ 15 ಎನ್ನುತ್ತದೆ. ಮೂರೂ ಅದರದರ ಲೆಕ್ಕದಲ್ಲಿ ಸರಿಯೇ. ಈಗ 'ಮೈಸೂರು' ಪದವನ್ನು ಹಿಂದುಮುಂದಾಗಿ ಮುದ್ರಿಸುವ ಪ್ರೋಗ್ರಾಮ್ ಬರೆಯಿರಿ. ಪುಸ್ತಕದ ಇಂಗ್ಲಿಷ್ ಉದಾಹರಣೆಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಕೆಲಸದಲ್ಲಿ, ಇಲ್ಲಿ ಮೊದಲಿಗೇ ಒಂದು ಅನಾಥ ಉಕಾರ ತೇಲುತ್ತ ಬರುತ್ತದೆ, ಅದರ ಹಿಂದೆ 'ರೂ', 'ಸೈ', 'ಮ' ಎಂದು ಸ್ವರಚಿಹ್ನೆಗಳು ಅಕ್ಕಪಕ್ಕದ ವ್ಯಂಜನಗಳ ತಲೆಗೇರಿರುತ್ತವೆ. 'ರುಸೂಮೈ' ಎಂದು ಬರುವಂತೆ ಮಾಡಲು ವ್ಯಂಜನವನ್ನೂ ಅದರ ಚಿಹ್ನೆಯನ್ನೂ ಒಟ್ಟಿಗೆ ಕಟ್ಟುವ ಲೂಪ್ ಬರೆಯಬೇಕು. ಅದನ್ನು ಯಾರ ಸಹಾಯವೂ ಇಲ್ಲದೆ ಬರೆದವರಿಗೆ ಲೂಪ್ ಮತ್ತು ಷರತ್ತು ಎರಡೂ ಕೈವಶವಾದವೆಂದೇ ನಾನು ತಿಳಿಯುತ್ತೇನೆ.

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗಲೂ ಹೀಗೇ. ಯೂನಿಕೋಡ್ ಕೋಷ್ಟಕದಲ್ಲಿ ಳಕಾರ ಲಕಾರದ ಪಕ್ಕದಲ್ಲೇ ಕುಳಿತಿದೆ, ವರ್ಣಮಾಲೆಯಲ್ಲಿ ಅದರ ಜಾಗ ಕೊನೆಯಲ್ಲಿ. ಆದ್ದರಿಂದ ಕೋಷ್ಟಕದ ಕ್ರಮದಲ್ಲಿ ಜೋಡಿಸಿದರೆ 'ಬಳೆ' ಮೊದಲು ಬಂದು 'ಬಸವ' ನಂತರ ಬರುತ್ತಾನೆ. ನಿಘಂಟಿನಲ್ಲಿ ಬಸವನೇ ಮೊದಲು.

ಗಣಿತದಲ್ಲಿ ನಾನು ಹಿಂದೆ. ತೊಂದರೆಯಾಗುವುದೇ?

ಎಸ್ಸೆಸ್ಸೆಲ್ಸಿಯ ಅಂಕಗಣಿತ ಗೊತ್ತಿದ್ದರೆ ಸಾಕು. ಗೇಮ್‌ಗಳ ಗ್ರಾಫಿಕ್ಸ್, ಮಷೀನ್ ಲರ್ನಿಂಗ್ ಮುಂತಾದ ಕಡೆ ಹೋದರೆ ಮುಂದೆ ಮ್ಯಾಟ್ರಿಕ್ಸ್ ಮತ್ತು ಸಂಭವನೀಯತೆ ಬೇಕಾಗುತ್ತವೆ. ಅವನ್ನು ಆಗ ಕಲಿಯಬಹುದು. ಈಗ ಬೇಕಾಗುವುದು ಒಂದು ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಒಡೆದು ಹೇಳುವ ತಾಳ್ಮೆ. ಊರಿನ ದಾರಿಯನ್ನು ಅಪರಿಚಿತರಿಗೆ ಫೋನಿನಲ್ಲಿ ಗೊಂದಲವಿಲ್ಲದೆ ಹೇಳಬಲ್ಲವರು ಕೋಡ್ ಬರೆಯಬಲ್ಲರು.

ಒಂದು ಲೆಕ್ಕದ ವಿಚಿತ್ರವನ್ನಂತೂ ಎಲ್ಲರೂ ತಿಳಿದಿರಬೇಕು. 0.1ಕ್ಕೆ 0.2 ಕೂಡಿಸಿ ಎಂದರೆ ಪೈಥಾನ್ 0.30000000000000004 ಎನ್ನುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಎರಡರ ಘಾತಗಳಲ್ಲಿ ಹಿಡಿದಿಡುವುದರಿಂದ 0.1 ಅದಕ್ಕೆ ನಿಖರವಾಗಿ ಸಿಗುವುದಿಲ್ಲ, ಮೂರನೇ ಒಂದನ್ನು ನಾವು 0.333 ಎಂದು ಬರೆದು ನಿಲ್ಲಿಸುವ ಹಾಗೆ. ಅದಕ್ಕೇ ದುಡ್ಡಿನ ಲೆಕ್ಕವನ್ನು ರೂಪಾಯಿಯ ದಶಮಾಂಶದಲ್ಲಿ ಇಡದೆ ಪೈಸೆಗಳ ಪೂರ್ಣಾಂಕದಲ್ಲಿ ಇಡುವುದು ಕ್ಷೇಮ.

ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಮಾತ್ರ ಇದೆ.

ಪೈಡ್ರಾಯ್ಡ್ ಎಂಬ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಪೈಥಾನ್ ಓಡಿಸುತ್ತದೆ. ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ಓಡುತ್ತದೆ. ಮೊದಲ ಒಂದೆರಡು ತಿಂಗಳು ಇಷ್ಟರಲ್ಲೇ ಕಳೆಯಬಹುದು. ಆದರೆ ಬೆರಳಿನಿಂದ ಕೋಲನ್ ಚಿಹ್ನೆಯನ್ನು, ಆವರಣಗಳನ್ನು ಒತ್ತುತ್ತ ಐವತ್ತು ಸಾಲು ಬರೆಯುವುದು ಶಿಕ್ಷೆಯೇ ಸರಿ. ಹಲವು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, ಕಂಪ್ಯೂಟರ್ ಇದೆ, ವಿಚಾರಿಸಿ ನೋಡಿ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಾದರೆ ನಾಲ್ಕು ಜಿಬಿ ರ‍್ಯಾಮ್ ಇದ್ದರೂ ಸಾಕು, ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಎಂಬ ಪುಟ್ಟ ಎಡಿಟರ್ ಅದರಲ್ಲಿ ಸಲೀಸಾಗಿ ಓಡುತ್ತದೆ. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ ಆಯಾ ಕ್ಷಣದಲ್ಲಿ ಯಾವ ವೇರಿಯಬಲ್‌ನಲ್ಲಿ ಏನಿದೆ ಎಂದು ಅದು ತೋರಿಸುವುದರಿಂದ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ವಿಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತದೆ, ನಾನೇ ಬರೆಯಲು ಕುಳಿತರೆ ಒಂದು ಸಾಲೂ ಬಾರದು. ಏಕೆ?

ಇದು ನನಗೆ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ. ಇದನ್ನು ಕೇಳುವವರ ಮುಖದಲ್ಲಿ ನಾಚಿಕೆ ಇರುತ್ತದೆ, ಇರಬೇಕಿಲ್ಲ. ಬೇರೆಯವರು ಈಜುವುದನ್ನು ದಡದಲ್ಲಿ ಕೂತು ನೋಡಿದವರಿಗೆ ಈಜು ಅರ್ಥವಾಗಿರುತ್ತದೆ. ವಿಡಿಯೋದಲ್ಲಿರುವವರು ತಪ್ಪು ಮಾಡಿದ ಭಾಗಗಳನ್ನು ಕತ್ತರಿಸಿರುತ್ತಾರೆ. ನಿಮಗೆ ಬೇಕಾದದ್ದು ಆ ಕತ್ತರಿಸಿದ ಭಾಗವೇ.

ನಾನು ಹೇಳುವ ಕ್ರಮ ಇದು. ಪಾಠ ಹತ್ತು ನಿಮಿಷದ್ದಾದರೆ ನೋಡಿ, ಮುಚ್ಚಿ, ಅದೇ ಪ್ರೋಗ್ರಾಮನ್ನು ನೆನಪಿನಿಂದ ಬರೆಯಿರಿ. ನಂತರ ಅದರಲ್ಲಿ ಒಂದನ್ನು ಬದಲಿಸಿ, ಏನಾಗುತ್ತದೆಂದು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಓಡಿಸಿ. ಊಹೆ ತಪ್ಪಿದ ಕಡೆ ನಿಮಗೆ ಕಲಿಯಲು ಏನೋ ಇದೆ. ಇಷ್ಟರ ಜೊತೆಗೆ ನಿಮ್ಮ ಮನೆಯದೋ ಊರಿನದೋ ಒಂದು ಲೆಕ್ಕವನ್ನು ಕೈಗೆತ್ತಿಕೊಳ್ಳಿ. ಹಾಲಿನ ಲೆಕ್ಕ ನನ್ನ ಮೆಚ್ಚಿನದು, ಏಕೆಂದರೆ ಅದು ಕಲಿಯುವವರ ಜೊತೆಗೇ ಬೆಳೆಯುತ್ತದೆ: ಮೊದಲ ವಾರ ಎರಡು ಹೊತ್ತಿನ ಹಾಲು ಕೂಡಿಸುವುದು, ಮುಂದಿನ ವಾರ ಹದಿನೈದು ದಿನಗಳ ಹಾಲನ್ನು ಲಿಸ್ಟಿನಲ್ಲಿಟ್ಟು ಲೂಪ್ ಹಾಕುವುದು, ಆಮೇಲೆ ಫ್ಯಾಟ್ ನೋಡಿ ದರ ಹಚ್ಚುವ ಷರತ್ತುಗಳು, ಅದನ್ನೇ ಫಂಕ್ಷನ್ ಆಗಿ ಬೇರ್ಪಡಿಸುವುದು, ಪಶು ಆಹಾರದ ಬಾಕಿ ಹಿಡಿದು ಬಟವಾಡೆ ಎಷ್ಟು ಬರಬೇಕೆಂದು ತೆಗೆಯುವುದು, ಕೊನೆಗೆ ಎಲ್ಲವನ್ನೂ ಫೈಲಿಗೆ ಬರೆದಿಡುವುದು. ಡೇರಿಯ ಚೀಟಿಗೂ ನಿಮ್ಮ ಉತ್ತರಕ್ಕೂ ತಾಳೆಯಾದ ದಿನ ಅಮ್ಮನಿಗೆ ತೋರಿಸಿ. ತಾಳೆಯಾಗದಿದ್ದರೆ ತಪ್ಪು ಎಲ್ಲಿದೆ ಎಂದು ಅವರೇ ಹೇಳಿಯಾರು. ನಿಮ್ಮ ಮನೆಯಲ್ಲಿ ಹಸು ಇಲ್ಲದಿದ್ದರೆ ಚೀಟಿ ವ್ಯವಹಾರವಿದೆ, ಅಂಗಡಿಯ ಉದ್ರಿ ಪುಸ್ತಕವಿದೆ, ಕ್ರಿಕೆಟ್ ಸ್ಕೋರ್ ಇದೆ.

ಎಷ್ಟು ದಿನ ಬೇಕು?

ದಿನಕ್ಕೊಂದು ಗಂಟೆಯಂತೆ ಬಿಡದೆ ಕೂತರೆ ಎರಡು ತಿಂಗಳಿಗೆ ಪುಟ್ಟ ಪ್ರೋಗ್ರಾಮ್‌ಗಳು ಬರುತ್ತವೆ, ಆರು ತಿಂಗಳಿಗೆ ಹಾಲಿನ ಲೆಕ್ಕದಂಥದ್ದು ಪೂರ್ತಿಯಾಗುತ್ತದೆ. ಕೆಲಸಕ್ಕೆ ಅರ್ಜಿ ಹಾಕುವ ಮಟ್ಟಕ್ಕೆ ಒಂದು ವರ್ಷಕ್ಕಿಂತ ಕಡಿಮೆ ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ದುಡ್ಡು ಕೊಟ್ಟು ಕೋಚಿಂಗ್ ಸೇರಬೇಕೇ?

ನಾನು ಸೇರಿದ್ದೆ. ಮೂರು ತಿಂಗಳ ಕೋರ್ಸಿನಲ್ಲಿ ಮೇಷ್ಟರು ಬೋರ್ಡಿನ ಮೇಲೆ ಕೋಡ್ ಬರೆಯುತ್ತಿದ್ದರು, ನಾವು ನೋಟ್ಸ್ ಇಳಿಸಿಕೊಳ್ಳುತ್ತಿದ್ದೆವು, ಕಂಪ್ಯೂಟರಿನ ಮುಂದೆ ಕೂರಲು ಸಿಗುತ್ತಿದ್ದುದು ವಾರಕ್ಕೆ ಒಂದು ಗಂಟೆ, ಅದೂ ಇಬ್ಬರಿಗೊಂದು. ಕೊನೆಗೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ಒಂದು ಸಿಕ್ಕಿತು. ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಗಂಟೆ ನಾನೇ ಬರೆಯುತ್ತೇನೆ, ಬರೆದದ್ದನ್ನು ಯಾರು ಓದಿ ತಿದ್ದುತ್ತಾರೆ? ತಿದ್ದುವವರಿದ್ದರೆ ಹಣ ಸಾರ್ಥಕ. ಬರೀ ಪಾಠಕ್ಕಾದರೆ ಐಐಟಿ ಮುಂತಾದ ಸಂಸ್ಥೆಗಳ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸಾದ ಸಿಎಸ್50ರ ಪಾಠಗಳೂ ಉಚಿತವಾಗಿವೆ, ಆದರೆ ಅದರ ಲೆಕ್ಕಗಳು ಕಷ್ಟ, ಮೊದಲ ತಿಂಗಳಿಗೆ ಬೇಡ.

ಈಗ ಎಐ ತಾನೇ ಕೋಡ್ ಬರೆಯುತ್ತದಲ್ಲ, ಕಲಿತು ಏನು ಪ್ರಯೋಜನ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಈ ಪ್ರಶ್ನೆ ಬಿಟ್ಟಿಲ್ಲ. ಎಐ ಸಾಧನಗಳು ಚೆನ್ನಾಗಿಯೇ ಬರೆಯುತ್ತವೆ, ನಾನೂ ದಿನವೂ ಬಳಸುತ್ತೇನೆ. ಹಾಲಿನ ಲೆಕ್ಕವನ್ನು ಅಂಥದ್ದೊಂದಕ್ಕೆ ಕೊಟ್ಟು, ಹದಿನೈದು ದಿನಗಳ ಸರಾಸರಿ ಫ್ಯಾಟ್ ತೆಗೆಯುವಂತೆ ಒಮ್ಮೆ ಕೇಳಿದೆ. ಕ್ಷಣದಲ್ಲಿ ಅಚ್ಚುಕಟ್ಟಾದ ಕೋಡ್ ಬಂದಿತು, ಎರರ್ ಇಲ್ಲದೆ ಓಡಿತು, ಉತ್ತರ ಮಾತ್ರ ತಪ್ಪು. ಅದು ಪ್ರತಿ ಹೊತ್ತಿನ ಫ್ಯಾಟ್ ಅಂಕಿಗಳನ್ನು ಕೂಡಿಸಿ ಹೊತ್ತುಗಳ ಸಂಖ್ಯೆಯಿಂದ ಭಾಗಿಸಿತ್ತು. 10 ಲೀಟರ್ ಹಾಲಿಗೆ ಫ್ಯಾಟ್ 3.5, 2 ಲೀಟರಿಗೆ 4.5 ಇದ್ದರೆ ಆ ಲೆಕ್ಕದಲ್ಲಿ ಸರಾಸರಿ 4.0 ಬರುತ್ತದೆ, ಲೀಟರ್‌ಗಳ ತೂಕ ಹಿಡಿದು ಮಾಡಿದರೆ 3.67 ಮಾತ್ರ. ನಾನು ಕೇಳಿದ ರೀತಿಯಲ್ಲೂ ಅಸ್ಪಷ್ಟತೆ ಇತ್ತೆಂಬುದು ನಿಜ. ಆದರೆ ಎಂಟು ಸಾಲಿನ ಆ ಕೋಡನ್ನು ಓದಲು ಬಾರದಿದ್ದರೆ 4.0 ಎಂಬುದನ್ನೇ ನಂಬಿ ಕೂರುತ್ತಿದ್ದೆ.

ಕಲಿಯುವವರು ಮೊದಲ ಮೂರು ತಿಂಗಳು ಎಐನಿಂದ ಕೋಡ್ ಬರೆಸಬಾರದು, ವಿವರಣೆ ಕೇಳಬಹುದು. 'ಈ ಎರರ್ ಏನೆಂದು ಕನ್ನಡದಲ್ಲಿ ಹೇಳು, ಪರಿಹಾರ ಕೊಡಬೇಡ' ಎಂದು ಕೇಳಿದರೆ ಅದು ರಾತ್ರಿ ಹನ್ನೊಂದಕ್ಕೂ ಬೇಸರಿಸದ ಮೇಷ್ಟರು. ಹಿಂದೆ ನಮಗೆ ಆ ಸೌಕರ್ಯ ಇರಲಿಲ್ಲ.

ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಯಾವ ಭಾಷೆ?

ಸ್ಕ್ರ್ಯಾಚ್. ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿದ ಇದರಲ್ಲಿ ಟೈಪ್ ಮಾಡುವ ಬದಲು ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ, ಬೆಕ್ಕು ಕುಣಿಯುತ್ತದೆ. ಉಚಿತ. ಪಕ್ಕದ ಮನೆಯ ಹುಡುಗ ಆ್ಯಪ್ ಮಾಡಿದನಂತೆ ಎಂದು ಹೋಲಿಸಿ ಅವಳನ್ನು ದುಬಾರಿ ಆನ್‌ಲೈನ್ ತರಗತಿಗೆ ತಳ್ಳಬೇಡಿ.

ಎರಡನೆಯ ಭಾಷೆಗೆ ಯಾವಾಗ ಹೋಗಬೇಕು?

ಮೊದಲ ಭಾಷೆಯಲ್ಲಿ ಪುಸ್ತಕ ನೋಡದೆ ಇನ್ನೂರು ಸಾಲಿನ ಒಂದು ಪ್ರೋಗ್ರಾಮನ್ನು ಕಟ್ಟಿ, ಒಂದು ತಿಂಗಳ ನಂತರ ಅದನ್ನೇ ಓದಿ ಅರ್ಥಮಾಡಿಕೊಳ್ಳಬಲ್ಲಿರಾದರೆ ಹೊರಡಬಹುದು. ಲೂಪ್, ಷರತ್ತು, ಫಂಕ್ಷನ್, ಲಿಸ್ಟ್ ಇವು ಎಲ್ಲ ಕಡೆಯೂ ಇರುವುದರಿಂದ ಎರಡನೆಯದಕ್ಕೆ ಮೊದಲಿನ ಕಾಲು ಭಾಗದಷ್ಟು ಸಮಯವೂ ಹಿಡಿಯುವುದಿಲ್ಲ. ಪೈಥಾನ್‌ನಿಂದ ಬಂದವರು ಯಂತ್ರದ ಒಳಗನ್ನು ಕಾಣಲು ಸಿಗೆ ಹೋಗಬಹುದು, ಕೆಲಸದ ದೃಷ್ಟಿಯಿಂದ ಜಾವಾಗೆ ಹೋಗಬಹುದು.

ನನ್ನನ್ನು ಕೇಳಿದರೆ ಇವೆರಡಕ್ಕೂ ಮೊದಲು ಡೇಟಾಬೇಸಿನಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಿರಿ ಎನ್ನುತ್ತೇನೆ. ನೂರು ಜನ ಸದಸ್ಯರಿರುವ ಒಂದು ಡೇರಿಯಲ್ಲಿ ದಿನಕ್ಕೆರಡು ಹೊತ್ತಿನಂತೆ ಒಂದು ವರ್ಷಕ್ಕೆ 73,000 ಸಾಲುಗಳ ಲೆಕ್ಕ ಸೇರುತ್ತದೆ. ಅದರಲ್ಲಿ ಮಳೆಗಾಲದಲ್ಲಿ ಯಾರ ಹಾಲು ಎಷ್ಟು ಇಳಿಯಿತು ಎಂದು ಹುಡುಕಲು ಪೈಥಾನ್‌ನಲ್ಲಿ ಬರೆಯುವ ಇಪ್ಪತ್ತು ಸಾಲನ್ನು ಎಸ್‌ಕ್ಯೂಎಲ್‌ನಲ್ಲಿ ಮೂರು ನಾಲ್ಕು ಸಾಲಿನಲ್ಲಿ ಕೇಳಬಹುದು. ಅದಕ್ಕೆ ಬೇಕಾದ ಎಸ್‌ಕ್ಯೂಲೈಟ್ ಡೇಟಾಬೇಸ್ ಪೈಥಾನ್‌ನ ಜೊತೆಗೇ ಬರುತ್ತದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.